ಬರುತ್ತಾರೆ, ಆದರೆ ಎಲ್ಲ ವಿಷಯಕ್ಕೂ ಅಲ್ಲ

ಆರ್ಥೊಡಾಕ್ಸ್ ಯೆಹೂದಿಗಳು, ಅಂದರೆ ಕಟ್ಟಾ ಸಂಪ್ರದಾಯಸ್ಥ ಯೆಹೂದಿಗಳು, ಕ್ರೈಸ್ತರ ಜೊತೆ ಮಾತುಕತೆಗೇ ಬರುವುದಿಲ್ಲವಂತೆ, ನಿಜವಾ ಅಂತ ಕೇಳಿದ್ದೀರಿ. ಅರ್ಧ ನಿಜ.

ಬಾಸ್ಟನ್ನಿನ ರಬ್ಬಿ (ಯೆಹೂದಿ ಧರ್ಮಗುರು) ಜೋಸೆಫ್ ಸೊಲೊವೈಚಿಕ್ 1964ರಲ್ಲಿ ಒಂದು ಪ್ರಬಂಧ ಬರೆದು ಗೆರೆ ಎಳೆದರು. ಸಮಾಜದ ಕಷ್ಟಸುಖ, ನಾಗರಿಕ ಹಕ್ಕು ಇಂಥವುಗಳಿಗೆ ಕ್ರೈಸ್ತರ ಜೊತೆ ಧಾರಾಳವಾಗಿ ಕೈಜೋಡಿಸಬಹುದು. ನಂಬಿಕೆಯ ಒಳಗಿನ ವಿಚಾರ ಮಾತ್ರ ಚೌಕಾಸಿಗೆ ಇಡುವಂಥದ್ದಲ್ಲ. ಅಮೆರಿಕದ ಆರ್ಥೊಡಾಕ್ಸ್ ರಬ್ಬಿಗಳಲ್ಲಿ ಅನೇಕರು ಇಂದಿಗೂ ಇದನ್ನೇ ಹಿಡಿದು ನಡೆಯುತ್ತಾರೆ.

ಬರೀ ಹಟ ಅಂದುಕೊಳ್ಳಬೇಡಿ. 1263ರಲ್ಲಿ ಬಾರ್ಸಿಲೋನಾದಲ್ಲಿ ಅರಗಾನಿನ ದೊರೆ ಒಂದನೇ ಜೇಮ್ಸ್ ಎದುರು ರಬ್ಬಿ ನಹ್ಮನಿದೆಸ್ ವಾದಕ್ಕೆ ನಿಲ್ಲಬೇಕಾಯಿತು. ಎದುರಾಳಿ, ಯೆಹೂದಿ ಧರ್ಮ ಬಿಟ್ಟು ಕ್ರೈಸ್ತ ಸನ್ಯಾಸಿಯಾಗಿದ್ದ ಪಾಬ್ಲೊ. ನಹ್ಮನಿದೆಸ್ ಬರೆದಿಟ್ಟಂತೆ ದೊರೆ ಮೆಚ್ಚಿ 300 ನಾಣ್ಯ ಇನಾಮು ಕೊಟ್ಟ. ಆದರೆ ಆ ವಾದವನ್ನು ಬರಹಕ್ಕಿಳಿಸಿದ್ದೇ ತಪ್ಪಾಗಿ, ವಿಚಾರಣೆ ನಡೆದು, ಕೊನೆಗೆ ನಹ್ಮನಿದೆಸ್ ಊರು ಬಿಟ್ಟು ಯೆಹೂದಿಗಳ ಪವಿತ್ರ ನಾಡಿಗೆ ಹೋಗಬೇಕಾಯಿತು. ಗೆದ್ದರೂ ಕಷ್ಟ, ಸೋತರೂ ಕಷ್ಟ!

ನ್ಯೂಯಾರ್ಕಿನ ರಬ್ಬಿ ಅಬ್ರಹಾಂ ಹೆಶೆಲ್ ದಾರಿ ಬೇರೆ. ಅವರು ವ್ಯಾಟಿಕನ್ನಿನ ಹಿರಿಯ ಧರ್ಮಾಧಿಕಾರಿ ಕಾರ್ಡಿನಲ್ ಬೇಯಾ ಜೊತೆ ನೇರವಾಗಿ ಮಾತಾಡಿದರು. 1964ರಲ್ಲಿ ಪೋಪ್ ಆರನೇ ಪಾಲ್‌ರನ್ನೇ ಕಂಡು, ಯೆಹೂದಿಗಳು ಮತಾಂತರವಾಗಲಿ ಎಂಬ ಆಶಯ, ಕ್ಯಾಥೊಲಿಕ್ ಚರ್ಚು ಸಿದ್ಧಪಡಿಸುತ್ತಿದ್ದ ಘೋಷಣೆಯ ಕರಡಿನಲ್ಲಿ ಇರಬಾರದು ಎಂದು ಒತ್ತಾಯಿಸಿದರು. ಮರುವರ್ಷ ಅಕ್ಟೋಬರ್ 28ರಂದು ಹೊರಬಂದ ಆ ಘೋಷಣೆ 'ನೋಸ್ತ್ರಾ ಏತಾತೆ'ಯಲ್ಲಿ ಆ ಸಾಲು ಇರಲಿಲ್ಲ. ಯೇಸುವಿನ ಸಾವಿನ ಹೊಣೆಯನ್ನು ಅಂದಿನ ಎಲ್ಲ ಯೆಹೂದಿಗಳ ಮೇಲಾಗಲಿ, ಇಂದಿನವರ ಮೇಲಾಗಲಿ ಹೊರಿಸಕೂಡದು ಎಂದೂ ಅದು ಹೇಳಿತು. ನನ್ನ ಲೆಕ್ಕದಲ್ಲಿ ಹೆಶೆಲ್ ಸಾಧಿಸಿದ್ದೇ ದೊಡ್ಡದು, ಆದರೂ ಸೊಲೊವೈಚಿಕ್ ಅವರ ಅಳುಕಿಗೆ ಕಾರಣವಿತ್ತು.

2015ರಲ್ಲಿ ಕೆಲವು ಆರ್ಥೊಡಾಕ್ಸ್ ರಬ್ಬಿಗಳೇ ಕ್ರೈಸ್ತರನ್ನು ಜೊತೆಗಾರರೆಂದು ಕರೆದು ಹೇಳಿಕೆ ಹೊರಡಿಸಿದ್ದಾರೆ. ಸಹಿ ಹಾಕದವರ ಸಂಖ್ಯೆಯೇ ಈಗಲೂ ಹೆಚ್ಚು.