ಬೈಕಿನ ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಎರಡು ಶಾಕ್ ಕಾಲು) ಸೀಲ್ ಹೊಸದು ಹಾಕಿಸಿದರೂ ಮತ್ತೆ ಎಣ್ಣೆ ಸೋರುತ್ತಿದೆ, ಮನೆಯಲ್ಲೇ ಸರಿ ಮಾಡಬಹುದಾ?

ಮಾಡಬಹುದು. ಆದರೆ ಇನ್ನೊಂದು ಸೀಲ್ ತರುವ ಮೊದಲು ಫೋರ್ಕಿನ ಹೊಳೆಯುವ ಪೈಪ್ ನೋಡಿ. ತೀರ್ಥಹಳ್ಳಿ ಕಡೆಯವನು, ಮಳೆಗಾಲ ಪೂರ್ತಿ ಬೈಕ್ ತೋಟದ ದಾರಿಯಲ್ಲೇ ಓಡುತ್ತೆ ಅಂತ ಬರೆದಿದ್ದೀರಿ, ಅಲ್ಲೇ ಇರೋದು ಕಥೆ. ಕೆಂಪು ರಾಡಿ ಡಸ್ಟ್ ಸೀಲ್ (ಆಯಿಲ್ ಸೀಲಿನ ಮೇಲೆ ಧೂಳು ತಡೆಯುವ ರಬ್ಬರ್) ಒಳಗೆ ಸೇರಿ ಒಣಗುತ್ತದೆ, ಆ ತೇವಕ್ಕೆ ಪೈಪಿನ ಕ್ರೋಮ್ ಮೇಲೆ ಸಾಸಿವೆಗಿಂತ ಸಣ್ಣ ತುಕ್ಕಿನ ಗುಳಿ ಬೀಳುತ್ತವೆ. ಫೋರ್ಕ್ ಕುಗ್ಗಿದಾಗ ಸೀಲ್ ಉಜ್ಜುವ ಜಾಗದಲ್ಲಿ ಪೈಪ್ ಒರೆಸಿ, ಸುತ್ತಲೂ ನಿಧಾನ ಉಗುರು ಆಡಿಸಿ. ಉಗುರು ಸಿಕ್ಕಿಕೊಂಡರೆ ಎಷ್ಟು ಸೀಲ್ ಹಾಕಿದರೂ ದಂಡ, ಪೈಪೇ ಬದಲಿಸಬೇಕು.

ಪೈಪ್ ನುಣುಪಾಗಿದ್ದರೆ ಒಳ್ಳೇ ಸುದ್ದಿ. ಡಸ್ಟ್ ಸೀಲ್ ಮೇಲೆತ್ತಿ, ಹಳೇ ಫೋಟೋ ನೆಗೆಟಿವ್ ಇದ್ದರೆ ಅದರದೊಂದು ತುಂಡನ್ನು ಆಯಿಲ್ ಸೀಲಿನ ತುಟಿಯೊಳಗೆ ತೂರಿಸಿ ಸುತ್ತ ಒಂದೆರಡು ಸಲ ಎಳೆಯಿರಿ. ಕಪ್ಪು ಕೊಳೆ ಬರುತ್ತದೆ, ಎಷ್ಟೋ ಸಲ ಸೋರಿಕೆ ಅಷ್ಟಕ್ಕೇ ನಿಲ್ಲುತ್ತದೆ.

ನಿಲ್ಲದಿದ್ದರೆ ಬಿಚ್ಚಲೇಬೇಕು. ಇಂಜಿನ್ ಕೆಳಗೆ ಮರದ ತುಂಡು ಕೊಟ್ಟು ಮುಂದಿನ ಚಕ್ರ ಎತ್ತಿ, ಬೈಕ್ ಅಲ್ಲಾಡಬಾರದು. ಪೈಪ್ ಹಿಡಿದಿರುವ ಮೇಲಿನ ಕ್ಲ್ಯಾಂಪ್ ಬೋಲ್ಟ್ ಸಡಿಲಿಸಿ, ಕೆಳಗಿನದು ಬಿಗಿ ಇರುವಾಗಲೇ ಪೈಪಿನ ಮೇಲ್ತುದಿಯ ಕ್ಯಾಪ್ ಬೋಲ್ಟ್ ಸ್ವಲ್ಪ ಸಡಿಲ ಮಾಡಿಕೊಳ್ಳಿ, ಕಾಲು ಹೊರಗೆ ತೆಗೆದ ಮೇಲೆ ಕೈಯಲ್ಲಿ ಹಿಡಿದುಕೊಂಡು ತಿರುಗಿಸೋಕೆ ಆಗಲ್ಲ. ತಳದ ಅಲೆನ್ ಬೋಲ್ಟನ್ನೂ ಸ್ಪ್ರಿಂಗ್ ಒಳಗಿರುವಾಗಲೇ ಬಿಡಿಸಿ, ಸ್ಪ್ರಿಂಗ್ ತೆಗೆದರೆ ಒಳಗಿನ ರಾಡ್ ಸುಮ್ನೆ ಜೊತೆಗೇ ತಿರುಗುತ್ತಿರುತ್ತದೆ. ಕ್ಯಾಪ್ ಪೂರ್ತಿ ಬಿಚ್ಚುವಾಗ ಮುಖ ದೂರ ಇಡಿ, ಸ್ಪ್ರಿಂಗ್ ಒತ್ತಡಕ್ಕೆ ಹಾರುತ್ತದೆ. ಬೂದು ಬಣ್ಣದ ನಾರುವ ಎಣ್ಣೆ ಬರುತ್ತೆ. ಹಳೇ ಸೀಲ್ ತೆಗೆದು ಹೊಸದು ಕೂರಿಸಿ, ತಳದ ಬೋಲ್ಟಿನ ತಾಮ್ರದ ವಾಷರ್ ಹೊಸದೇ ಹಾಕಿ.

ಇಂಜಿನ್ ಆಯಿಲ್ ಹಾಕಿದರೂ ನಡೆಯುತ್ತೆ ಅನ್ನುವವರಿದ್ದಾರೆ, ನಾನು ಹಾಕಲ್ಲ. ಮ್ಯಾನುವಲ್‌ನಲ್ಲಿ ಹೇಳಿದ ಫೋರ್ಕ್ ಆಯಿಲ್, ಹೇಳಿದಷ್ಟು ಮಿಲಿ, ಎರಡೂ ಕಾಲಿಗೆ ಸಮ. ಬ್ರೇಕ್ ಹಿಡಿದಾಗ ಮುಂದಕ್ಕೆ ಮುಗ್ಗರಿಸುತ್ತೆ ಅಂದಿರಲ್ಲ, ಎಣ್ಣೆ ಸೋರಿ ಕಮ್ಮಿ ಆಗಿದ್ದರೆ ಹಾಗಾಗುತ್ತದೆ, ಇದರಲ್ಲೇ ಸರಿಹೋಗಬಹುದು. ನಿಮ್ಮಂಥ 125 ಸಿಸಿ ಬೈಕುಗಳ ಫೋರ್ಕಿಗೆ ಸಾಮಾನ್ಯವಾಗಿ ಅಡ್ಜಸ್ಟ್ ಮಾಡುವ ಸ್ಕ್ರೂ ಇರಲ್ಲ. ಕಟ್ ಕಟ್ ಸದ್ದೂ ಬರುತ್ತಿದ್ದರೆ ಹ್ಯಾಂಡಲ್ ಕೋನ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ನೋಡಿಸಿ, ಅದು ಬೇರೆ ಕಾಯಿಲೆ.

ಜೋಡಿಸಿದ ಮೇಲೆ ಮುಂದಿನ ಚಕ್ರದ ಆಕ್ಸಲ್ ಪೂರ್ತಿ ಬಿಗಿಯುವ ಮೊದಲು ಫೋರ್ಕನ್ನು ನಾಲ್ಕಾರು ಸಲ ಒತ್ತಿ ಬಿಡಿ, ಎರಡೂ ಕಾಲು ನೇರ ಕೂರುತ್ತವೆ. ಸೋರಿದ ಎಣ್ಣೆ ಬ್ರೇಕ್ ಪ್ಯಾಡಿಗೆ ತಾಗಿದ್ದರೆ ತೊಳೆದು ಹಾಕಬೇಡಿ, ಹೊಸದು ಹಾಕಿ. ಆಗುಂಬೆ ಘಾಟಿ ಇಳಿಯೋದೂ ಅದರಲ್ಲೇ ಅಲ್ವಾ.