ಉದ್ದದ ಇಂಗ್ಲಿಷ್ ಪದ, ಎಲ್ಲಿ ಒಡೆಯೋದು?

ಪ್ರಶ್ನೆ: ಮಗಳು ಏಳನೇ ಕ್ಲಾಸ್ ತನಕ ಕನ್ನಡ ಮೀಡಿಯಂ, ಈ ವರ್ಷ ಇಂಗ್ಲಿಷ್ ಮೀಡಿಯಂಗೆ ಹಾಕಿದೀವಿ. ಸೈನ್ಸಲ್ಲಿ ಫೋಟೋಸಿಂಥೆಸಿಸ್ ಥರದ ಪದ ಬಂದ್ರೆ ಒಂದೊಂದೇ ಲೆಟರ್ ಬಾಯಿಪಾಠ ಮಾಡ್ತಾಳೆ, ಬೆಳಗ್ಗೆ ಅಷ್ಟೂ ಮರೆತಿರ್ತಾಳೆ. ಟ್ಯೂಷನ್ನಲ್ಲಿ 'ಒಡೆದು ಓದು' ಅಂತಾರಂತೆ. ಎಲ್ಲಿ ಒಡೀಬೇಕು?
– ಒಬ್ಬ ತಾಯಿ, ವಿದ್ಯಾನಗರ, ದಾವಣಗೆರೆ

ಉತ್ತರ: ಅಕ್ಕಾವ್ರೆ, ಒಡೆಯೋದ್ರಲ್ಲಿ ಎರಡು ಥರ ಇದೆ, ಉಚ್ಚಾರಣೆಗೆ ಒಂದು, ಅರ್ಥಕ್ಕೆ ಇನ್ನೊಂದು, ಎರಡನ್ನೂ ಕಲಸಿದ್ರೆ ಮಕ್ಕಳಿಗೆ ತಲೆ ಕೆಡುತ್ತೆ.

ಉಚ್ಚಾರಣೆಗೆ ಆದ್ರೆ ಕಿವಿಗೆ ಬೀಳೋ ಸ್ವರ ಎಣಿಸಿ, ಬರೆದಿರೋದನ್ನಲ್ಲ. ಗದ್ದದ ಕೆಳಗೆ ಕೈ ಇಟ್ಕೊಂಡು ನಿಧಾನಕ್ಕೆ ಫೋ-ಟೋ-ಸಿನ್-ಥೆ-ಸಿಸ್ ಅನ್ನೋಕೆ ಹೇಳಿ, ಪ್ರತಿ ಸ್ವರಕ್ಕೂ ದವಡೆ ಇಳಿಯುತ್ತೆ, ಐದು ಸಿಲಬಲ್, ಅಂದ್ರೆ ಒಂದೊಂದು ಸ್ವರ ಇರೋ ಉಚ್ಚಾರಣೆಯ ತುಂಡು. ಮೇಕ್ ಅನ್ನೋದ್ರ ಸ್ಪೆಲ್ಲಿಂಗಲ್ಲಿ ಎರಡು ಸ್ವರ ಇದ್ರೂ ಸಿಲಬಲ್ ಒಂದೇ.

ಅರ್ಥಕ್ಕೆ ಒಡೆಯೋದು ನಮ್ಮ ಸಂಧಿ ಬಿಡಿಸೋ ಕೆಲಸಾನೇ, ಕನ್ನಡ ಮೀಡಿಯಂ ಹುಡುಗಿಗೆ ಇದು ಕಷ್ಟ ಅಲ್ಲ ಬಿಡಿ. ಫೋಟೋ ಅಂದ್ರೆ ಬೆಳಕು, ಸಿನ್ ಅಂದ್ರೆ ಒಟ್ಟಿಗೆ, ಥೆಸಿಸ್ ಅಂದ್ರೆ ಇಡೋದು, ಮೂರೂ ಗ್ರೀಕಿಂದ ಬಂದಿರೋವು. ಇಲ್ಲಿ ಎರಡೂ ಥರದ ಒಡೆತ ಚೆನ್ನಾಗಿ ಹೊಂದಿಕೊಳ್ಳುತ್ತೆ, ಎಲ್ಲಾ ಕಡೆ ಹಂಗಾಗಲ್ಲ. ಹೆಲಿಕಾಪ್ಟರ್ ಬಾಯಲ್ಲಿ ಹೆ-ಲಿ-ಕಾಪ್-ಟರ್, ಅರ್ಥದಲ್ಲಿ ಮಾತ್ರ ಹೆಲಿಕೋ ಅಂದ್ರೆ ಸುರುಳಿ, ಪ್ಟರ್ ಅಂದ್ರೆ ರೆಕ್ಕೆ!

ಸ್ಪೆಲ್ಲಿಂಗಿಗೆ ಈ ಎರಡನೇದೇ ಆಸರೆ. ಗವರ್ನ್‌ಗೆ ಮೆಂಟ್ ಸೇರಿದೆ ಅಂತ ಗೊತ್ತಿದ್ದೋರು ಗವರ್ನ್‌ಮೆಂಟ್‌ನಲ್ಲಿ ಎನ್ ಬಿಡಲ್ಲ. ಡಿಸ್ ಆದ್ಮೇಲೆ ಅಪಿಯರ್ ಬಂದ್ರೆ ಒಂದೇ ಎಸ್, ಸ್ಯಾಟಿಸ್‌ಫೈಡ್ ಬಂದ್ರೆ ಎರಡು. ಇನ್ನು 'ಅಲ್ಲ' ಅನ್ನೋ ಇನ್, ಪಾಸಿಬಲ್ ಮುಂದೆ ಇಮ್, ಲೀಗಲ್ ಮುಂದೆ ಇಲ್, ರೆಗ್ಯುಲರ್ ಮುಂದೆ ಇರ್ ಆಗುತ್ತಲ್ಲ, ಜಗತ್ತಿಗೆ ನಾಥ ಸೇರಿ ಜಗನ್ನಾಥ ಆದ ಹಂಗೇ ಅದು, ಪಕ್ಕದ ಅಕ್ಷರಕ್ಕೆ ತಕ್ಕಂಗೆ ಬದಲಾಗೋದು.

ಹಳೇ ಪಿ.ಬಿ. ರೋಡಲ್ಲಿ ಹೋಗುವಾಗ ಟ್ರಾನ್ಸ್‌ಪೋರ್ಟ್ ಅಂತ ಬೋರ್ಡ್ ಕಂಡ್ರೆ ಕೇಳಿ: ಟ್ರಾನ್ಸ್ ಆಚೆಗೆ, ಪೋರ್ಟ್ ಹೊರೋದು, ಹಂಗಾದ್ರೆ ಎಕ್ಸ್‌ಪೋರ್ಟ್? ಆದ್ರೆ ಅಂಕಲ್‌ನಲ್ಲಿ 'ಅಲ್ಲ' ಅನ್ನೋ ಅನ್ (ಯು ಎನ್) ಇದೆ ಅಂತ ಅದನ್ನೂ ಒಡೆಯೋಕೆ ಹೋದಾಳು, ತಡೀರಿ. ಒಡೆದ ಮೇಲೆ ಉಳಿದ ತುಂಡಿಗೂ ಅರ್ಥ ಇರಬೇಕು.

ಪ್ರಶ್ನೆ: ಡಿಕ್ಷನರಿ ಪದಗಳ ಮಧ್ಯೆ ಇರೋ ಚುಕ್ಕಿ ಸಿಲಬಲ್ ತೋರಿಸುತ್ತಾ?
– ಡಿ.ಎಡ್. ವಿದ್ಯಾರ್ಥಿ, ಚಳ್ಳಕೆರೆ

ಉತ್ತರ: ಪೂರ್ತಿ ಅಲ್ಲ. ಮೆರಿಯಮ್-ವೆಬ್‌ಸ್ಟರ್ ಡಿಕ್ಷನರಿಯಲ್ಲಿ ಆ ಚುಕ್ಕಿ ಇರೋದು ಸಾಲಿನ ಕೊನೇಲಿ ಪದ ಎಲ್ಲಿ ಮುರೀಬಹುದು ಅಂತ ತೋರ್ಸೋಕೆ. ಒಂದೇ ಅಕ್ಷರ ಒಂಟಿಯಾಗಿ ಬಿಡಬಾರದು ಅಂತ ಅಬೌಟ್‌ಗೆ ಎರಡು ಸಿಲಬಲ್ ಇದ್ರೂ ಚುಕ್ಕಿ ಇಲ್ಲ. ಸಿಲಬಲ್ ಬೇಕಂದ್ರೆ ಪಕ್ಕದಲ್ಲಿರೋ ಉಚ್ಚಾರಣೆ ನೋಡಿ.