ಮೈನಸ್ 6 ಪವರ್: ಲೇಸಿಕ್ಕಾ, ಪಿಆರ್‌ಕೆನಾ?

ಕನ್ನಡಕ ಬಿಡೋಕೆ ಲೇಸರ್ ಆಪರೇಷನ್ ಕೇಳಿದಾಗ ಮಂಡ್ಯದ ಡಾಕ್ಟರ್ ಲೇಸಿಕ್ ಆಗುತ್ತೆ ಅಂದರು, ಮೈಸೂರಿನವರು ಬೇಡ, ಪಿಆರ್‌ಕೆ ಮಾಡಿಸಿ ಅಂದರು ಅಂತ ಬರೆದಿದ್ದೀರಿ. ಲೇಸಿಕ್‌ನಲ್ಲಿ ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಭಾಗ) ಮೇಲಿನ ಪದರ ಕತ್ತರಿಸಿ ಎತ್ತಿ, ಅದರ ಕೆಳಗೆ ಲೇಸರ್ ಹಾಯಿಸುತ್ತಾರೆ. ಪಿಆರ್‌ಕೆಯಲ್ಲಿ ಪದರ ಕತ್ತರಿಸದೆ ಮೇಲ್ಮೈ ಮೇಲೆಯೇ ಹಾಯಿಸುತ್ತಾರೆ. ಬಹುಶಃ ನಿಮ್ಮ ಕಾರ್ನಿಯಾದ ದಪ್ಪವೇ ಕಾರಣ. ನಿಮ್ಮ 490 ಮೈಕ್ರಾನ್ (ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್) ಸ್ವಲ್ಪ ತೆಳು. ಲೇಸಿಕ್‌ನಲ್ಲಿ ಮೇಲಿನ ಪದರಕ್ಕೆ ಸುಮಾರು 110 ಹೋಗುತ್ತದೆ. ಲೇಸರ್ ಒಂದು ಪವರ್‌ಗೆ ಹತ್ತಿರ ಹತ್ತಿರ 15 ತೆಗೆಯುತ್ತದೆ, ನಿಮ್ಮ ಆರಕ್ಕೆ ಇನ್ನೊಂದು 90. ಉಳಿಯೋದು 290. ಕೆಲವರು 250 ಇದ್ದರೆ ಸಾಕು ಅಂತಾರೆ, ಕೆಲವರಿಗೆ 300 ಬೇಕು. ಇಬ್ಬರದೂ ತಪ್ಪಲ್ಲ.

ಮೊದಲು ಕಾಂಟ್ಯಾಕ್ಟ್ ಲೆನ್ಸ್ ಎರಡು ವಾರ ಬಿಡಿ. ಹಾಕಿಕೊಂಡೇ ಇದ್ದರೆ ಅಳತೆ ಸರಿಯಾಗಿ ಬರಲ್ಲ. ಆಮೇಲೆ ಟೋಪೋಗ್ರಫಿ (ಕಾರ್ನಿಯಾದ ಆಕಾರದ ನಕ್ಷೆ) ಮತ್ತೆ ಮಾಡಿಸಿ, ರಿಪೋರ್ಟ್ ಕೈಗೆ ತಗೊಳ್ಳಿ. ಅದರಲ್ಲಿ ಕೆರಟೋಕೋನಸ್ (ಕಾರ್ನಿಯಾ ತೆಳುವಾಗಿ ಶಂಕುವಿನ ಹಾಗೆ ಉಬ್ಬುವ ಕಾಯಿಲೆ) ಅನುಮಾನ ಇದ್ದರೆ ಲೇಸರ್ ಮಾತು ಅಲ್ಲಿಗೇ ಬಿಡಿ. ಐಸಿಎಲ್ (ಕಣ್ಣಿನೊಳಗೆ ಕೂರಿಸುವ ಲೆನ್ಸ್) ಬಗ್ಗೆ ಕೇಳಿ. ಒಂದು ವರ್ಷದಿಂದ ಪವರ್ ಬದಲಾಗಿಲ್ಲ ತಾನೇ? ಬದಲಾಗಿದ್ದರೆ ಕಾಯಿರಿ.

ಕಬಡ್ಡಿ ಆಡ್ತೀರಿ ಅಂದಿರಲ್ಲ, ಅದೊಂದೇ ಸಾಕು, ನಾನಾಗಿದ್ದರೆ ಪಿಆರ್‌ಕೆ ಆರಿಸುತ್ತಿದ್ದೆ. ಪೆಟ್ಟು ಬಿದ್ದರೆ ಜಾರೋಕೆ ಪದರವೇ ಇರಲ್ಲ. ಸ್ಮೈಲ್ ಅನ್ನೋ ಇನ್ನೊಂದು ಲೇಸರ್ ಆಪರೇಷನ್‌ನಲ್ಲೂ ಪದರ ಎತ್ತಲ್ಲ, ಸಣ್ಣ ಸೀಳು ಅಷ್ಟೇ. ಆದರೆ ಕಾರ್ನಿಯಾ ಅದರಲ್ಲೂ ಖರ್ಚಾಗುತ್ತದೆ, ತೆಳು ಕಣ್ಣಿಗೆ ಅದು ಮದ್ದಲ್ಲ.

ನಾನು ಮಾಡಿಸಿದ್ದು ಪಿಆರ್‌ಕೆನೇ. ಮೂರು ದಿನ ಈರುಳ್ಳಿ ಹೆಚ್ಚಿದ ಹಾಗೆ ಉರಿ! ಬಸ್ಸಲ್ಲಿ ಒಬ್ಬರೇ ಮಂಡ್ಯಕ್ಕೆ ವಾಪಸ್ ಬರೋ ಯೋಚನೆ ಬೇಡ. ನೋಟ ತಿಳಿಯಾಗಲು ವಾರಗಳೇ ಬೇಕು. ಡ್ರಾಪ್ಸ್ ಡಾಕ್ಟರ್ ಹೇಳುವವರೆಗೂ ನಿಲ್ಲಿಸಬೇಡಿ, ಬಿಸಿಲಿಗೆ ಕೂಲಿಂಗ್ ಗ್ಲಾಸ್ ಹಾಕಿ. ಇಲ್ಲದಿದ್ದರೆ ಮಬ್ಬು ಬರಬಹುದು.

ರಿಪೋರ್ಟ್ ಬಂದ ಮೇಲೆ ಇಬ್ಬರು ಡಾಕ್ಟರಿಗೂ ಇದೊಂದೇ ಪ್ರಶ್ನೆ ಕೇಳಿ: ‘ಆಪರೇಷನ್ ಆದ ಮೇಲೆ ಎಷ್ಟು ಮೈಕ್ರಾನ್ ಉಳಿಯುತ್ತೆ?’